ಹಂಚಿನಡಿಯ ಬಬಲ್ ಫಾಯಿಲ್: ಕಾಸರಗೋಡಿನ ಹಳೆ ಮನೆಗೆ ಎಷ್ಟು ಸರಿ?

ಬೇಸಗೆ ಬಂತೆಂದರೆ ಬದಿಯಡ್ಕ, ಕುಂಬಳೆ, ಉಪ್ಪಳದ ಕಡೆಯ ಹಾರ್ಡ್‌ವೇರ್ ಅಂಗಡಿಗಳ ಎದುರು ಬೆಳ್ಳಿ ಬಣ್ಣದ ಸುರುಳಿಗಳು ನಿಲ್ಲುತ್ತವೆ. ಎರಡೂ ಬದಿಗೆ ಅಲ್ಯೂಮಿನಿಯಂ ಫಾಯಿಲ್, ನಡುವೆ ಗಾಳಿಗುಳ್ಳೆಯ ಪ್ಲಾಸ್ಟಿಕ್. ಪಾರ್ಸೆಲ್ ಬಿಚ್ಚಿದಾಗ ಮಕ್ಕಳು ಟಪ್ ಟಪ್ ಎಂದು ಒಡೆಯುತ್ತಾರಲ್ಲ, ಅದೇ ಗುಳ್ಳೆ ಹಾಳೆ. ಇದನ್ನು ಹಂಚಿನಡಿಗೆ ಹೊಡೆಸಿದರೆ ಎಸಿ ಹಾಕಿದಷ್ಟು ತಂಪು ಎಂಬುದು ಮಾರುವವರ ಮಾತು. ಅದರಲ್ಲಿ ಅರ್ಧ ನಿಜ ಇದೆ. ಆ ಅರ್ಧವಾದರೂ ಕೈಗೆ ಹತ್ತಬೇಕಾದರೆ ಹಾಕುವ ಕ್ರಮ ಸರಿಯಿರಬೇಕು. ಪಕ್ಕಾಸಿನ (ಹಂಚಿನ ಭಾರ ಹೊರುವ ಇಳಿಜಾರಿನ ಮರ) ಅಡಿಗೆ ಸ್ಟೇಪಲ್ ಹೊಡೆದು ಒಂದೇ ದಿನದಲ್ಲಿ ಮುಗಿಸುವ ಕೆಲಸವನ್ನು ಸರಿಯಾದ ಕ್ರಮ ಎನ್ನಲಾಗದು.

ಇಲ್ಲಿ ಹೇಳುವುದೆಲ್ಲ ಕೆಂಪುಕಲ್ಲಿನ ಗೋಡೆ, ಮರದ ಪಕ್ಕಾಸು, ಮಂಗಳೂರು ಹಂಚು ಇರುವ ಮನೆಗೆ. ಕಾಂಕ್ರೀಟಿನ ಮೇಲೆ ಟ್ರಸ್ ಎಬ್ಬಿಸಿ ಶೀಟು ಹೊದೆಸಿದವರು ಇದಕ್ಕೆ ದುಡ್ಡು ಹಾಕುವ ಅಗತ್ಯ ಕಡಿಮೆ. ಶೀಟೇ ಸ್ಲ್ಯಾಬಿಗೆ ನೆರಳು ಕೊಡುತ್ತದೆ, ನಡುವೆ ಆಳೆತ್ತರಕ್ಕೆ ಗಾಳಿ ಆಡುತ್ತದೆ. ಹಾಗೆಯೇ ಹಲಗೆಯ ಮುಚ್ಚಿಗೆ ಇರುವ ಹಳೆ ಕೋಣೆಗೂ ಇದು ಬೇಡ. ಮುಚ್ಚಿಗೆ, ಅದರ ಮೇಲೆ ಅಟ್ಟ, ಅದರ ಮೇಲೆ ಹಂಚು. ಹಿರಿಯರು ಆಗಲೇ ಆ ಕೆಲಸ ಮುಗಿಸಿದ್ದಾರೆ. ಫಾಯಿಲ್ ಬೇಕಾಗುವುದು ತಲೆಯೆತ್ತಿದರೆ ಹಂಚೇ ಕಾಣುವ ಕೋಣೆಗೆ, ಜಗಲಿಗೆ, ಚಾವಡಿಗೆ.

ಬೇಸಗೆಯ ಮಧ್ಯಾಹ್ನ ಹಂಚಿನ ಮೈ 50 ಡಿಗ್ರಿ ದಾಟುತ್ತದೆ. ಬಿಸಿ ಗಾಳಿ ಕೆಳಗೆ ಇಳಿಯುವುದಿಲ್ಲ, ಮೇಲೆಯೇ ನಿಂತು ಹಂಚಿನ ಸಂದಿಯಲ್ಲಿ ಹೊರಟು ಹೋಗುತ್ತದೆ. ನೆತ್ತಿಗೆ, ಮಂಚಕ್ಕೆ, ನೆಲಕ್ಕೆ ಇಳಿಯುವುದು ಕಿರಣದ ಶಾಖ: ಕೆಂಡದ ಮುಂದೆ ಕುಳಿತರೆ ಮುಖಕ್ಕೆ ರಾಚುವ ಬಗೆಯದು. ಹೊಳಪಿರುವ ಅಲ್ಯೂಮಿನಿಯಂ ಈ ಕಿರಣದಲ್ಲಿ ನೂರಕ್ಕೆ ಸುಮಾರು 95 ಪಾಲನ್ನು ಹಿಂದಕ್ಕೆ ಅಟ್ಟುತ್ತದೆ. ತಾನು ಬಿಸಿಯಾದರೂ ಅಡಿಬದಿಯಿಂದ ಹೊರಬಿಡುವ ಕಿರಣ ತೀರಾ ಕಡಿಮೆ. ಆದರೆ ಎದುರಿಗೆ ಗಾಳಿಯ ಸಂದು ಇದ್ದರೆ ಮಾತ್ರ. ಹಂಚಿಗೋ ರೀಪಿಗೋ (ಪಕ್ಕಾಸಿಗೆ ಅಡ್ಡವಾಗಿ ಹೊಡೆದು ಹಂಚು ಕೂರಿಸುವ ಮರದ ಪಟ್ಟಿ) ಒತ್ತಿ ಹಿಡಿದರೆ ಅದು ಬರಿಯ ತಗಡು, ತಾಗಿದ ಜಾಗದಲ್ಲೆಲ್ಲ ಶಾಖ ನೇರ ದಾಟುತ್ತದೆ. ಕಡಿಮೆಯೆಂದರೆ 25 ಮಿ.ಮೀ. ಸಂದು ಬೇಕು. ನಡುವಿನ ಗುಳ್ಳೆಯ ಪದರ 4 ಮಿ.ಮೀ. ಇರಲಿ 8 ಮಿ.ಮೀ. ಇರಲಿ, ತಾನಾಗಿ ತಡೆಯುವ ಶಾಖ ಸ್ವಲ್ಪವೇ. ದಪ್ಪ ಹಾಳೆಗೆ ಕೊಡುವ ಹೆಚ್ಚಿನ ದುಡ್ಡನ್ನು ಸಂದು ಬಿಡಿಸುವ ಮರದ ಪಟ್ಟಿಗೆ ಕೊಡುವುದು ಲೇಸು.

ಮಿನುಗುವ ಬದಿ ಬಿಸಿಲಿನ ಕಡೆಗೆ ಇರಬೇಕು ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಹಂಚಿನ ಮನೆಗೆ ಅದು ಒಪ್ಪದು. ಹಂಚಿನ ಸಂದಿಯಿಂದ ಧೂಳು, ಪಾಚಿಯ ಪುಡಿ ಉದುರುತ್ತಲೇ ಇರುತ್ತದೆ. ಕೆಲವು ವರ್ಷದಲ್ಲಿ ಮೇಲಿನ ಮೈ ಮಂಕಾಗುತ್ತದೆ, ಹಿಂದಕ್ಕೆ ಅಟ್ಟುವ ಶಕ್ತಿ ಕುಂದುತ್ತದೆ. ಅಡಿಬದಿಗೆ ಧೂಳು ಕೂರದು. ಒಂದೇ ಬದಿ ಫಾಯಿಲ್ ಇರುವ ಹಾಳೆಯಾದರೆ ಹೊಳಪು ಕೆಳಮುಖವಾಗಿರಲಿ. ಆಯ್ಕೆ ಇದ್ದರೆ ಎರಡೂ ಬದಿ ಫಾಯಿಲ್ ಇರುವುದನ್ನೇ ಕೊಳ್ಳಿ.

ಕೊಳ್ಳುವ ಮುನ್ನ ಎರಡು ಪರೀಕ್ಷೆ. ಮೊದಲನೆಯದು ಹಾಳೆ ನಿಜವಾದ ಫಾಯಿಲೋ, ಪ್ಲಾಸ್ಟಿಕ್ ಪೊರೆಗೆ ಲೋಹದ ಆವಿ ಹಿಡಿಸಿದ್ದೋ ಎಂಬುದು. ಮೂಲೆಯನ್ನು ಮಡಚಿ ಉಗುರಿನಿಂದ ಎಳೆಯಿರಿ. ಫಾಯಿಲ್ ಆದರೆ ಗೆರೆ ಉಳಿಯುತ್ತದೆ, ಹರಿದರೆ ಕಾಗದದ ಹಾಗೆ ಹರಿಯುತ್ತದೆ. ಪೊರೆಯಾದರೆ ಗೆರೆ ಬಿಚ್ಚಿಕೊಳ್ಳುತ್ತದೆ, ಎಳೆದರೆ ಹಿಗ್ಗುತ್ತದೆ, ಮೊಬೈಲ್ ಟಾರ್ಚ್ ಹಿಡಿದರೆ ಬೆಳಕು ತೂರಿ ಬರುತ್ತದೆ. ಮಳೆಗಾಲದ ತೇವ ಮತ್ತು ಕಡಲ ಬದಿಯ ಉಪ್ಪುಗಾಳಿಗೆ ಆ ತೆಳ್ಳಗಿನ ಲೋಹದ ಲೇಪ ಬೇಗ ಬಿಟ್ಟುಕೊಡುತ್ತದೆ. ಮಂಜೇಶ್ವರದಿಂದ ಕಾಸರಗೋಡಿನ ತನಕ ಕಡಲಿನ ಹತ್ತಿರ ಇರುವವರು ಪೊರೆಯ ಹಾಳೆ ಮುಟ್ಟದಿರುವುದೇ ಒಳ್ಳೆಯದು.

ಎರಡನೆಯದು ಅಂಗಡಿಯ ಡೆಮೊ. ಬಿಸಿಲಿಗೆ ಕಾದ ತಗಡಿನ ಅಡಿಗೆ ಈ ಹಾಳೆ ಹಿಡಿದು, ಬಂದೂಕಿನ ಆಕಾರದ ಥರ್ಮಾಮೀಟರ್‌ನ ಕೆಂಪು ಚುಕ್ಕೆ ಬಿಟ್ಟು, ‘ಕಂಡ್ರಾ, 60 ಇದ್ದದ್ದು 32 ಆಯ್ತು’ ಎನ್ನುತ್ತಾರೆ. ಆ ಉಪಕರಣ ಅಳೆಯುವುದು ವಸ್ತು ಹೊರಬಿಡುವ ಕಿರಣವನ್ನು. ಮಿನುಗುವ ಫಾಯಿಲ್ ಕಿರಣ ಬಿಡುವುದೇ ಕಡಿಮೆ; ಎದುರಿನ ಗೋಡೆಯದೋ ನೆಲದ್ದೋ ಪ್ರತಿಬಿಂಬ ಉಪಕರಣಕ್ಕೆ ಕಾಣುತ್ತದೆ. ಹಾಳೆ ನಿಜಕ್ಕೂ ಎಷ್ಟು ಬಿಸಿಯಾಗಿದೆ ಎಂದು ತಿಳಿಯಬೇಕಾದರೆ ಎರಡಿಂಚು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಐದು ನಿಮಿಷ ಬಿಟ್ಟು ಟೇಪಿನ ಮೇಲೆ ಅಳೆಯಿರಿ. ಅಂಕಿ ಏರುವುದನ್ನು ಅಲ್ಲೇ ನೋಡಬಹುದು. ಇದರಿಂದ ಮಾಲು ಕಳಪೆ ಎಂದಾಗದು, ಡೆಮೊ ಮಾತ್ರ ಮೋಸ. ಫಾಯಿಲಿನ ಗುಣ ತಿಳಿಯಲು ಮಧ್ಯಾಹ್ನ 2 ಗಂಟೆಗೆ ಅದರ ಅಡಿಗೆ ತಲೆ ಒಡ್ಡಿ, ಆಮೇಲೆ ಹಾಳೆ ಇಲ್ಲದ ಹಂಚಿನಡಿಗೆ ಒಡ್ಡಿ. ಬೋಳುತಲೆಯವರಿಗೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಹಂಚು ಇಳಿಸಿ ಮೇಲಿನಿಂದ ಹಾಕುವುದು

ಹೇಗೂ ಮಾಡು (ಹಂಚಿನ ಛಾವಣಿ) ಬಿಚ್ಚುವ ಕಾಲ ಬಂದಿದ್ದರೆ ಇದೊಂದೇ ದಾರಿ. ಹಂಚನ್ನು ಒಂದೇ ಇಳಿಜಾರಿನಿಂದ ಪೂರ್ತಿ ಇಳಿಸಬಾರದು. ಎರಡೂ ಬದಿಯ ಭಾರ ಸರಿಸಮ ಇಳಿಯುವಂತೆ ಮಾಡಿನ ತಲೆಯಿಂದ ಸೂರಿನ ಕಡೆಗೆ ಸಾಲು ಸಾಲಾಗಿ ತೆಗೆಯಬೇಕು. ಹಳೆಯ ಕಟ್ಟು ಒಂದು ಬದಿಗೆ ವಾಲುವುದು ಇಲ್ಲೇ. ಇಳಿಸಿದ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ‘ಕಣ್’ ಎಂದರೆ ಇನ್ನೊಂದು ತಲೆಮಾರಿಗೆ ಬರುತ್ತದೆ, ‘ದಬ್’ ಎಂದರೆ ಕಣ್ಣಿಗೆ ಕಾಣದ ಬಿರುಕು ಇದೆ. ಬ್ರಷ್ ಮತ್ತು ನೀರಿನಲ್ಲಿ ಉಜ್ಜಿದರೆ ಸಾಕು. ಪ್ರೆಷರ್ ವಾಷರ್ ಹತ್ತಿರದಿಂದ ಹಿಡಿದರೆ ಹಂಚಿನ ಮೇಲ್ಮೈ ಕಿತ್ತು ಹೋಗಿ ಮುಂದಿನ ಮಳೆಗೆ ಇನ್ನಷ್ಟು ನೀರು ಕುಡಿಯುತ್ತದೆ.

ಹಂಚಿನ ಬೆನ್ನು ತಿರುಗಿಸಿ ಕಾರ್ಖಾನೆಯ ಹೆಸರನ್ನೂ ಓದಿ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆ ಇಸವಿಯನ್ನು ಆಮೇಲೆಯೂ ಹಂಚಿನ ಮೇಲೆ ಒತ್ತುತ್ತಿದ್ದರು; ಹಾಗಾಗಿ 1865 ಎಂದು ಕಂಡ ಮಾತ್ರಕ್ಕೆ ಮಾಡು ಅಷ್ಟು ಹಳೆಯದಾಗದು. ಹೆಸರು ಓದುವ ನಿಜವಾದ ಉಪಯೋಗ ಬೇರೆ: ಒಂದು ಕಾರ್ಖಾನೆಯ ಹಂಚಿನ ಕೊಂಡಿ ಇನ್ನೊಂದಕ್ಕೆ ಕೂರದು. ಕಡಿಮೆ ಬಿದ್ದಷ್ಟನ್ನು ಅದೇ ಹೆಸರಿನ ಹಳೆ ಹಂಚಿನಿಂದಲೇ ತುಂಬಿಸಬೇಕು, ಇಲ್ಲವೇ ಬೇರೆ ಹಂಚನ್ನೆಲ್ಲ ಒಂದು ಇಳಿಜಾರಿಗೆ ಸರಿಸಬೇಕು. ಬೆರೆಸಿ ಹೊದೆಸಿದರೆ ಸೋರುತ್ತದೆ, ಫಾಯಿಲ್ ಇದ್ದರೂ.

ಮಾಡು ಬರಿದಾದಾಗ ಪಕ್ಕಾಸಿನ ಬುಡ ನೋಡಿ. ಗೋಡೆಯ ಮೇಲೆ ಕೂರುವ ಒಂದಡಿ ಜಾಗದಲ್ಲೇ ಲಡ್ಡು (ಕೊಳೆತ) ಹಿಡಿಯುವುದು. ಸ್ಕ್ರೂಡ್ರೈವರ್ ಅರ್ಧ ಇಂಚು ಸುಲಭವಾಗಿ ಇಳಿದರೆ ಆ ಪಕ್ಕಾಸು ಬದಲಾಗಬೇಕು. ಉಳಿದವಕ್ಕೆ ಗೇರು ಎಣ್ಣೆ ಬಳಿಯುವುದು ನಮ್ಮ ಕಡೆಯ ಹಳೆ ಪದ್ಧತಿ, ಈಗಲೂ ಒಳ್ಳೆಯದೇ. ಕೈಗವಸು ಇಲ್ಲದೆ ಮುಟ್ಟಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಎಣ್ಣೆ ಪೂರ್ತಿ ಒಣಗಿದ ಮೇಲೆ ಫಾಯಿಲ್.

ಸುರುಳಿಯನ್ನು ಸೂರಿನಿಂದ ಮೇಲಕ್ಕೆ, ಪಕ್ಕಾಸಿಗೆ ಅಡ್ಡವಾಗಿ ಬಿಚ್ಚಬೇಕು. ಹಂಚಿನ ಹಾಗೆಯೇ ಮೇಲಿನ ಪಟ್ಟಿ ಕೆಳಗಿನದರ ಮೇಲೆ 10 ಸೆ.ಮೀ. ಹತ್ತಿ ಕೂರಬೇಕು, ಜೋಡಣೆಗೆ ಅಲ್ಯೂಮಿನಿಯಂ ಟೇಪ್. ಬಿಗಿಯಾಗಿ ಎಳೆಯಬಾರದು, ಎರಡು ಪಕ್ಕಾಸಿನ ನಡುವೆ 2 ಸೆ.ಮೀ.ನಷ್ಟು ಜೋತು ಬೀಳಲಿ. ಅದರ ಮೇಲೆ ಪ್ರತಿ ಪಕ್ಕಾಸಿನ ಉದ್ದಕ್ಕೂ 25 ಮಿ.ಮೀ. ದಪ್ಪದ ಮರದ ಪಟ್ಟಿ, 65ರಿಂದ 75 ಮಿ.ಮೀ. ಸ್ಕ್ರೂ ಹಾಕಿ. ಕಡಲಿನ ಹತ್ತಿರವಾದರೆ ಸ್ಟೇನ್‌ಲೆಸ್ ಸ್ಕ್ರೂ. ಆ ಪಟ್ಟಿಯ ಮೇಲೆ ರೀಪು, ರೀಪಿನ ಮೇಲೆ ಹಂಚು.

ನಡುವಿನ ಈ ಪಟ್ಟಿಯೇ ಇಡೀ ಕೆಲಸದ ಜೀವ. ‘ಅದೆಲ್ಲ ಯಾಕೆ, ಫಾಯಿಲ್ ಮೇಲೆ ನೇರ ರೀಪು ಹೊಡೆದರಾಯ್ತು’ ಎಂದು ಹೇಳುವವರು ಸಿಗುತ್ತಾರೆ. ಒಪ್ಪಬೇಡಿ. ಕಾಸರಗೋಡಿನಲ್ಲಿ ವರ್ಷಕ್ಕೆ ಬೀಳುವ ಮಳೆ 3,500 ಮಿ.ಮೀ. ಆಸುಪಾಸು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಯ ಜೊತೆ ಎರಚುವ ಮಳೆಗೆ ಹಂಚಿನ ಸಂದಿಯಿಂದ ಸ್ವಲ್ಪ ನೀರು ನುಗ್ಗಿಯೇ ನುಗ್ಗುತ್ತದೆ. ಫಾಯಿಲ್ ಅದನ್ನು ಹಿಡಿದು ಸೂರಿಗೆ ಇಳಿಸಬೇಕು. ರೀಪು ನೇರ ಫಾಯಿಲಿನ ಮೇಲೆ ಕುಳಿತರೆ ಪ್ರತಿ ರೀಪೂ ಒಂದು ಕಟ್ಟದ ಹಾಗೆ. ಅದರ ಮೇಲುಬದಿಯಲ್ಲಿ ನೀರು, ಕಸ ತಂಗುತ್ತದೆ. ರೀಪು ಕುಂಬಾಗುತ್ತದೆ (ಕೊಳೆಯುತ್ತದೆ), ಮೊಳೆಯ ತೂತಿನಲ್ಲಿ ನೀರು ಒಳಗೆ ತೊಟ್ಟಿಕ್ಕುತ್ತದೆ. ಪಟ್ಟಿ ಇದ್ದರೆ ನೀರು ರೀಪಿನ ಅಡಿಯಿಂದ ಹರಿದು ಹೋಗುತ್ತದೆ, ಬೇಸಗೆಯಲ್ಲಿ ಅದೇ ಸಂದಿನಲ್ಲಿ ಬಿಸಿ ಗಾಳಿ ಮೇಲೇರಿ ಹೋಗುತ್ತದೆ. ಅದಕ್ಕಾಗಿ ಸೂರಿನಲ್ಲಿ ಸಂದಿಯ ಬಾಯಿ ತೆರೆದಿರಬೇಕು (ಇಲಿ ನುಗ್ಗದ ಹಾಗೆ ಸಣ್ಣ ಕಣ್ಣಿನ ಬಲೆ), ಮಾಡಿನ ತಲೆಯಲ್ಲಿ ಎರಡೂ ಬದಿಯ ಫಾಯಿಲ್ 5ರಿಂದ 7 ಸೆ.ಮೀ. ಮೊದಲೇ ನಿಲ್ಲಬೇಕು.

ತಲೆಯ ಹಂಚಿಗೆ ಸಿಮೆಂಟು ಮೆತ್ತುವಾಗ ಗಾರೆ ಕೆಳಗೆ ಬೀಳದ ಹಾಗೆ ನೋಡಿಕೊಳ್ಳಿ. ಹಸಿ ಸಿಮೆಂಟಿನ, ಸುಣ್ಣದ ಕ್ಷಾರ ಅಲ್ಯೂಮಿನಿಯಮನ್ನು ತಿನ್ನುತ್ತದೆ. ಗಾರೆ ಬಿದ್ದ ಕಡೆಯಲ್ಲಿ ಫಾಯಿಲ್ ಬೂದಿಯಾಗಿ ಗುಳ್ಳೆ ಮಾತ್ರ ಉಳಿಯುತ್ತದೆ.

ಲೆಕ್ಕಕ್ಕೆ ಒಂದು ಉದಾಹರಣೆ. ಸೂರು ಸೇರಿ 35 ಅಡಿ ಅಗಲ, 45 ಅಡಿ ಉದ್ದದ ಎರಡಿಳಿಜಾರಿನ ಮಾಡು, 30 ಡಿಗ್ರಿ ಓಟ (ಇಳಿಜಾರು). ಒಂದು ಇಳಿಜಾರಿನ ಪಕ್ಕಾಸು 20 ಅಡಿ ಚಿಲ್ಲರೆ, ಒಟ್ಟು ಮಾಡು ಸುಮಾರು 1,820 ಚದರಡಿ. 1.2 ಮೀಟರ್ ಅಗಲ, 30 ಮೀಟರ್ ಉದ್ದದ ಸುರುಳಿ, 10 ಸೆ.ಮೀ. ಹತ್ತಿಕೆ ಕಳೆದರೆ ಇಳಿಜಾರಿಗೆ 6 ಪಟ್ಟಿ, ಎರಡೂ ಬದಿ ಸೇರಿ 165 ಮೀಟರ್. ಅಂದರೆ 6 ಸುರುಳಿ. ಪಕ್ಕಾಸು 2 ಅಡಿಗೊಂದು ಇದ್ದರೆ ನಡುವಿನ ಪಟ್ಟಿಗೆ ಸುಮಾರು 970 ಅಡಿ ಮರ. ರೀಪು ಬದಲಿಸುವುದಾದರೆ ಇನ್ನೊಂದು 1,800 ಅಡಿ. ಹಂಚಿನ ಅಂತರ 32 ಸೆ.ಮೀ. ಎಂದು ಹಿಡಿದ ಲೆಕ್ಕ ಇದು, ನಿಮ್ಮ ಹಂಚನ್ನೇ ಇಟ್ಟು ಅಳೆಯಿರಿ. ಹಂಚು 2,500 ಆಸುಪಾಸು. ನಾಲ್ಕು ಇಳಿಜಾರಿನ ಮಾಡಾದರೆ ಮೂಲೆಗಳಲ್ಲಿ ಕತ್ತರಿಸಿ ಹೋಗುವುದಕ್ಕೆ ಒಂದು ಸುರುಳಿ ಹೆಚ್ಚಿಗೆ. ಆಚಾರಿಯೋ ಅಂಗಡಿಯವರೋ ಮಲಯಾಳದವರಾದರೆ ಓಡು (ಹಂಚು), ಕಳುಕ್ಕೋಲ್ (ಪಕ್ಕಾಸು), ಪಟ್ಟಿಕ ಎಂದು ಕೇಳಿ. ಅವರ ‘ಪಟ್ಟಿಕ’ ಎಂದರೆ ನಮ್ಮ ರೀಪು. ನಡುವಿನ ಪಟ್ಟಿಯನ್ನೂ ‘ಪಟ್ಟಿ’ ಎಂದೇ ಹೇಳಿ ಬಂದರೆ ಎರಡೂ ಒಂದೇ ಅಳತೆಯಲ್ಲಿ ಕುಯ್ದು ಬರುವ ಸಂಭವ ಇದೆ. ಚೀಟಿಯಲ್ಲಿ ದಪ್ಪ, ಅಗಲ ಬರೆದುಕೊಡಿ.

ಹಂಚು ಇಳಿಸದೆ ಅಡಿಯಿಂದ ಹಾಕುವುದು

ಪಕ್ಕಾಸಿನ ಅಡಿಮೈಗೆ ಅಡ್ಡಲಾಗಿ ಹಾಳೆ ಹಿಡಿದು ಸ್ಟೇಪಲ್ ಹೊಡೆಯುವುದು ಅಗ್ಗ, ಬೇಗ, ನೋಡಲೂ ಚಂದ. ಮೊದಲ ಮಳೆಗೇ ತೊಂದರೆ ಸುರು. ಸೋರಿದ ನೀರು ಹಾಳೆಯ ಹೊಟ್ಟೆಯಲ್ಲಿ ನಿಂತು ಯಾವುದೋ ಸ್ಟೇಪಲ್ ತೂತಿನಲ್ಲಿ ಬೀಳುತ್ತದೆ. ಸೋರುವ ಹಂಚು ಒಂದು ಕಡೆ, ಹನಿ ಬೀಳುವುದು ಇನ್ನೊಂದು ಕಡೆ. ಪಕ್ಕಾಸು ಕಣ್ಣಿಗೆ ಮರೆಯಾಗುವುದರಿಂದ ಗೆದ್ದಲು ಏರಿದ್ದು ತಿಳಿಯುವಾಗ ತಡವಾಗಿರುತ್ತದೆ. ಇಲಿಗೆ ಮೆತ್ತನೆಯ ಹಾಸಿಗೆ. ತೆಂಗಿನ ಮಡಲು ಬಿದ್ದು ಹಂಚು ಒಡೆದರೆ ಅಡಿಯಿಂದ ಕೈ ಹಾಕಿ ಬದಲಿಸುವ ಅನುಕೂಲವೂ ಹೋಯಿತು.

ಅಡಿಯಿಂದಲೇ ಹಾಕಬೇಕಾದರೆ ಪಕ್ಕಾಸಿನ ನಡುನಡುವೆ ಹಾಕಿಸಿ. 1.2 ಮೀಟರ್ ಸುರುಳಿಯನ್ನು ಉದ್ದಕ್ಕೆ ಸೀಳಿದರೆ 60 ಸೆ.ಮೀ.ನ ಎರಡು ಪಟ್ಟಿ. ಪಕ್ಕಾಸು 2 ಅಡಿಗೊಂದು, ಅಗಲ 3 ಇಂಚು ಇದ್ದರೆ ನಡುವಿನ ಖಾಲಿ ಜಾಗ ಸುಮಾರು 53 ಸೆ.ಮೀ.; ಎರಡು ಬದಿಗೆ ಮೂರು ಮೂರೂವರೆ ಸೆ.ಮೀ. ಮಡಚಲು ಸರಿಯಾಗಿ ಉಳಿಯುತ್ತದೆ, ಚೂರೂ ನಷ್ಟವಿಲ್ಲ. ಮಡಚಿದ ಅಂಚನ್ನು ಪಕ್ಕಾಸಿನ ಪಕ್ಕಕ್ಕೆ ಮರದ ಬೀಡಿಂಗ್ ಇಟ್ಟು ಸಣ್ಣ ಸ್ಕ್ರೂನಿಂದ ಹಿಡಿಸಬೇಕು, ರೀಪಿನಿಂದ 25ರಿಂದ 50 ಮಿ.ಮೀ. ಕೆಳಗೆ. ಪಟ್ಟಿಯ ಕೆಳತುದಿ ಗೋಡೆ ದಾಟಿ ಸೂರಿನ ಹೊರಗೆ ಬರಲಿ. ಸೋರಿದ ನೀರು ಹೊರಗೆ ಬೀಳುತ್ತದೆ, ಯಾವ ಸಾಲಿನಲ್ಲಿ ಸೋರಿದೆ ಎಂಬುದೂ ಅಂಗಳದಿಂದ ಕಾಣುತ್ತದೆ. ಪಕ್ಕಾಸಿನ ಅಡಿಮೈ ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಕೂಲಿ ಹೆಚ್ಚು, ಕೆಲಸ ನಿಧಾನ. ಮಲಗುವ ಕೋಣೆ ಒಂದೆರಡಕ್ಕೆ ಮಾಡಿಸಿ ನಿಲ್ಲಿಸಬಹುದು.

ಎಲ್ಲಿ ಹಾಕಲೇಬಾರದು

ಸೌದೆ ಒಲೆಯ ಅಡುಗೆಮನೆ ಮತ್ತು ಅಡಕೆ ಸಿಪ್ಪೆ ಉರಿಸಿ ನೀರು ಕಾಯಿಸುವ ಬಚ್ಚಲುಮನೆಗೆ ಬೇಡವೇ ಬೇಡ. ಅಲ್ಲಿಯ ಹೊಗೆ ಹೋಗುವುದು ಹಂಚಿನ ಸಂದಿಯಲ್ಲಿ. ಅದನ್ನು ಮುಚ್ಚಿದರೆ ಹೊಗೆ ಕೋಣೆಯಲ್ಲೇ ತಿರುಗುತ್ತದೆ, ಮಸಿ ಹಿಡಿದು ಫಾಯಿಲ್ ಆರು ತಿಂಗಳಲ್ಲಿ ಕಪ್ಪಾಗುತ್ತದೆ. ಗುಳ್ಳೆಯ ಪ್ಲಾಸ್ಟಿಕ್ ಪಾಲಿಥೀನ್. ಸುಮಾರು 110 ಡಿಗ್ರಿಗೆ ಕರಗುತ್ತದೆ, ಕಿಡಿ ತಾಗಿದರೆ ಉರಿಯುತ್ತದೆ, ಉರಿಯುವ ಹನಿಯಾಗಿ ಕೆಳಗೆ ಬೀಳುತ್ತದೆ. ಹೊಗೆ ತಾಗಿದ ಪಕ್ಕಾಸಿಗೆ ಕೊರೆಹುಳ ಬೀಳುವುದು ಕಡಿಮೆ, ಆ ಲಾಭವನ್ನೂ ಕಳೆದುಕೊಳ್ಳಬೇಡಿ.

ಗಾಜಿನ ಹಂಚಿನ ಅಡಿಗೆ ಹಾಳೆ ಹಾಯಿಸಿದರೆ ಹಗಲಲ್ಲೇ ದೀಪ ಉರಿಸಬೇಕು. ಕರೆಂಟು ಉಳಿಸಲು ಹೊರಟು ಕರೆಂಟು ಸುಡುವ ಕೆಲಸ ಇದು. ಹಂಚಿನ ಅಳತೆಗೆ ಹಾಳೆ ಕತ್ತರಿಸಿ, ಸುತ್ತ ಮರದ ಚೌಕಟ್ಟು ಕೂರಿಸಿ, ಹಾಳೆಯ ಅಂಚನ್ನು ಚೌಕಟ್ಟಿಗೆ ಮೇಲ್ಮುಖವಾಗಿ ಮಡಚಿ ಟೇಪ್ ಹಾಕಬೇಕು. ಹಾಗೆಯೇ ಗುಡ್ಡದ ಬುಡದ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಹೇಗೋ ಮಾಡಿನ ಮೂಲಕ ಬರುವುದಿದ್ದರೆ ಫಾಯಿಲ್ ಹಾಕಿದ ಮೇಲೆ ಅಂಗಳಕ್ಕೆ ಇಳಿದು ಮಾತಾಡಲು ಸಿದ್ಧರಿರಿ.

ಇವೆಲ್ಲಕ್ಕಿಂತ ದೊಡ್ಡ ಅಪಾಯ ವೈರಿಂಗ್. ಫಾಯಿಲ್ ವಿದ್ಯುತ್ ಹರಿಸುತ್ತದೆ. ಹಳೆ ಮನೆಗಳಲ್ಲಿ ಪಕ್ಕಾಸಿನ ಉದ್ದಕ್ಕೆ ಮರದ ಪಟ್ಟಿ, ಅದರ ಮೇಲೆ ತಗಡಿನ ಕ್ಲಿಪ್ಪಿನಿಂದ ಹಿಡಿಸಿದ ರಬ್ಬರ್ ವೈರು ಇನ್ನೂ ಇದೆ; ಬಗ್ಗಿಸಿದರೆ ರಬ್ಬರ್ ಪುಡಿಯಾಗಿ ಉದುರುತ್ತದೆ. ಆ ವೈರಿನ ಬದಿಯಲ್ಲಿ ಲೋಹದ ಸ್ಟೇಪಲ್ ಹೊಡೆದರೆ ಇಡೀ ಮಾಡೇ ಕರೆಂಟು ಹಿಡಿಯುತ್ತದೆ. ಆಸ್ಟ್ರೇಲಿಯಾದಲ್ಲಿ 2009–10ರಲ್ಲಿ ಸರಕಾರಿ ಯೋಜನೆಯಡಿ ಮನೆಮನೆಗೆ ಶಾಖನಿರೋಧಕ ಹಾಕಿಸುವಾಗ ಫಾಯಿಲಿಗೆ ಲೋಹದ ಸ್ಟೇಪಲ್ ಹೊಡೆದು ವಿದ್ಯುತ್ ತಾಗಿ ಕೆಲಸಗಾರರು ಸತ್ತಿದ್ದಾರೆ; 2010ರ ಫೆಬ್ರುವರಿಯಲ್ಲಿ ಆ ಯೋಜನೆಯಲ್ಲಿ ಫಾಯಿಲ್ ಬಳಕೆಯನ್ನೇ ನಿಲ್ಲಿಸಿದರು. ಆದ್ದರಿಂದ ಮೊದಲು ವೈರನ್ನೆಲ್ಲ ಪಿವಿಸಿ ಪೈಪಿನೊಳಗೆ ಹೊಸದಾಗಿ ಎಳೆಸಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್) ಹಾಕಿಸಿ, ಅದರ ಟೆಸ್ಟ್ ಬಟನ್ ಒತ್ತಿ ಬೀಳುತ್ತದೋ ನೋಡಿ. ಆಮೇಲೆ ಫಾಯಿಲ್. ಹಾಕುವ ದಿನ ಮೈನ್ ಸ್ವಿಚ್ ಆಫ್, ಡ್ರಿಲ್ ಬ್ಯಾಟರಿಯದ್ದು.

ಕರೆಂಟು ಬಿಲ್ಲು ಇಳಿಯುತ್ತದೆಯೇ?

ಫಾಯಿಲಿನಿಂದ ನೇರವಾಗಿ ಇಳಿಯುವುದಿಲ್ಲ. ಸೆಕೆ ಕಡಿಮೆಯಾಗಿ, ಮಧ್ಯಾಹ್ನ ಎಸಿ ಬೇಕು ಅನ್ನಿಸದೆ ಹೋದರೆ ಅದೇ ಉಳಿತಾಯ. ಎಸಿ ಇರುವ ಕೋಣೆಗೆ ಬರಿಯ ಫಾಯಿಲ್ ಸಾಲದು. ಹಂಚಿನ ಮಾಡಿನಲ್ಲಿ ತಂಪು ಗಾಳಿ ನಾಲ್ಕೂ ಕಡೆ ಸೋರುತ್ತದೆ, ಬಿಗಿಯಾದ ಸೀಲಿಂಗ್ ಇಲ್ಲದೆ ಎಸಿ ಹಾಕುವುದು ಅಂಗಳಕ್ಕೆ ತಂಪು ಮಾಡಿದ ಹಾಗೆ. ಬಿಲ್ಲು ಇಳಿಸುವುದೇ ಗುರಿಯಾದರೆ ಮೊದಲು ಫ್ಯಾನ್ ಬದಲಿಸಿ. ಹಳೆ ಫ್ಯಾನ್ 75 ವ್ಯಾಟ್ ಆಸುಪಾಸು, ಕಡಿಮೆ ಕರೆಂಟು ಎಳೆಯುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನ್ 30 ಆಸುಪಾಸು. ಮೂರು ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ಎರಡು ತಿಂಗಳಿಗೆ 97 ಯೂನಿಟ್ ಉಳಿಯುತ್ತದೆ. ಕೆಎಸ್‌ಇಬಿಯ (ಕೇರಳದ ವಿದ್ಯುತ್ ಮಂಡಳಿ) ಮನೆ ಬಿಲ್ಲು ಎರಡು ತಿಂಗಳಿಗೊಮ್ಮೆ. ತಿಂಗಳಿಗೆ 250 ಯೂನಿಟ್ ತನಕ ಹಂತ ಹಂತದ ದರ, ಅದನ್ನು ದಾಟಿದರೆ ಮೊದಲ ಯೂನಿಟ್‌ನಿಂದಲೇ ಹೆಚ್ಚಿನ ಒಂದೇ ದರ. ಬಿಲ್ಲಿನಲ್ಲಿ 500ರ ಗೆರೆಯ ಆಚೆ ಈಚೆ ಓಡಾಡುವ ಮನೆಗೆ ಆ 97 ಯೂನಿಟ್ಟಿನ ಬೆಲೆ ದೊಡ್ಡದು.

ಬೇರೆ ಆಯ್ಕೆಗಳೂ ಇವೆ. ಜಿಐ ಪೈಪಿನ ಹೊಸ ಕಟ್ಟು ಹಾಕುವವರು ಅಡಿಗೆ ಸೀಲಿಂಗ್ ಹಂಚು, ಮೇಲೆ ಮಂಗಳೂರು ಹಂಚು ಹೀಗೆ ಎರಡು ಪದರ ಹೊದೆಸಬಹುದು. ಪ್ಲಾಸ್ಟಿಕ್ ಇಲ್ಲ, ಇಲಿಗೆ ತಿನ್ನಲು ಏನೂ ಇಲ್ಲ. ಭಾರ ಹೆಚ್ಚುವುದರಿಂದ ಹಳೆ ಪಕ್ಕಾಸಿನ ಮೇಲೆ ಅದನ್ನು ಹೇರಬಾರದು. ಪಿವಿಸಿ ಸೀಲಿಂಗ್ ಶಾಖ ತಡೆಯುವುದಕ್ಕಿಂತ ಹಂಚನ್ನು ಅಡಗಿಸುವ ಕೆಲಸವೇ ಹೆಚ್ಚು ಮಾಡುತ್ತದೆ.

ನಮ್ಮ ಅಂಕ: ಹಂಚು ಇಳಿಸಿ, ನಡುಪಟ್ಟಿ ಕೊಟ್ಟು ಮೇಲಿನಿಂದ ಹಾಕಿದರೆ 5ಕ್ಕೆ 4. ಒಂದು ಅಂಕ ಹೋದದ್ದು ಬೆಂಕಿಗೆ ಮತ್ತು ಇಲಿಗೆ. ಪಕ್ಕಾಸಿನ ನಡುವೆ ಬೀಡಿಂಗ್‌ನಿಂದ ಹಿಡಿಸಿದರೆ 3. ಅಡಿಮೈಗೆ ಸ್ಟೇಪಲ್ ಹೊಡೆದದ್ದಕ್ಕೆ 1. ಅದೂ ಮೊದಲ ಬೇಸಗೆಗೆ ಮಾತ್ರ.

ಕೆಲಸವನ್ನು ಫೆಬ್ರುವರಿಯಲ್ಲಿ ಹಿಡಿದು ಪತ್ತನಾಜೆಯ (ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ ಕೊನೆಯ ಹೊತ್ತಿಗೆ) ಮೊದಲು ಮುಗಿಸಿ. ಏಪ್ರಿಲ್ ಸಂಜೆಯ ಗುಡುಗು ಮಳೆ ಹೇಳಿ ಬರುವುದಿಲ್ಲ, ಹಂಚು ಇಳಿಸಿದಷ್ಟು ಜಾಗಕ್ಕೆ ಟಾರ್ಪಾಲು ಕೈಗೆಟುಕುವಲ್ಲಿರಲಿ. ಮೊದಲ ಜೋರು ಮಳೆಗೆ ಟಾರ್ಚ್ ಹಿಡಿದು ಒಳಗಿನಿಂದ ಜೋಡಣೆಗಳನ್ನೂ, ಹೊರಗಿನಿಂದ ಸೂರನ್ನೂ ನೋಡಿ. ಹಂಚಿನ ಮೇಲಿಂದ ಬೀಳುವ ನೀರಿನ ಹಿಂದೆ, ಫಾಯಿಲಿನ ಅಂಚಿನಿಂದ ಅಲ್ಲಲ್ಲಿ ಒಂದೊಂದು ಹನಿ ತೊಟ್ಟಿಕ್ಕುತ್ತಿದ್ದರೆ ಕೆಲಸ ಸರಿಯಾಗಿದೆ. ಒಂದೇ ಜಾಗದಲ್ಲಿ ದಾರೆಯಾಗಿ ಇಳಿಯುತ್ತಿದ್ದರೆ ಆ ಸಾಲಿನ ನೇರಕ್ಕೆ ಮೇಲೆ ಒಂದು ಹಂಚು ಒಡೆದಿದೆ; ಮಳೆ ಬಿಟ್ಟ ಕೂಡಲೇ ಏಣಿ ಇಡಿ.